ಡಿಗ್ರಿ ಬೇರೆ, ಲೈಸೆನ್ಸ್ ಬೇರೆ: ಮಲೆನಾಡಿನಿಂದ ಒಂದು ಬಹಿರಂಗ ಪತ್ರ

ಮಾನ್ಯ ಉನ್ನತ ಶಿಕ್ಷಣ ಸಚಿವರಿಗೆ, ಮೂಲಸೌಕರ್ಯ ಸಚಿವರಿಗೆ, ಜೊತೆಗೆ ನಮ್ಮ ಮಲೆನಾಡಿನ ಅಪ್ಪ ಅಮ್ಮಂದಿರಿಗೆ,

ನಮಸ್ಕಾರ.

ನಾನು ಸಾಗರದ ಕಡೆ ಒಂದು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಇಪ್ಪತ್ತು ವರ್ಷ ದಾಟಿತು. ಪ್ರತಿ ಜೂನ್‌ನಲ್ಲಿ ಹೊಸ ಮಕ್ಕಳನ್ನು ‘ಮುಂದೆ ಏನಾಗ್ತೀರಿ?’ ಎಂದು ಕೇಳುವುದು ನನ್ನ ರೂಢಿ. ಮೊದಲೆಲ್ಲ ಡಾಕ್ಟರ್, ಇಂಜಿನಿಯರ್, ಪೊಲೀಸ್, ಟೀಚರ್ ಎನ್ನುತ್ತಿದ್ದರು. 2023ರಲ್ಲಿ ಶಿವಮೊಗ್ಗದ ಹತ್ತಿರದ ಸೋಗಾನೆಯಲ್ಲಿ ವಿಮಾನ ಇಳಿಯಲು ಶುರುವಾದ ಮೇಲೆ ಪ್ರತಿ ಬ್ಯಾಚಿನಲ್ಲೂ ಇಬ್ಬರು ಮೂವರಾದರೂ ‘ಪೈಲಟ್’ ಎನ್ನುತ್ತಾರೆ. ಅಡಿಕೆ ಗೊನೆ ಹೊರುವವರ ಮಗ ಎದ್ದು ನಿಂತು ಹಾಗೆ ಹೇಳಿದರೆ ಪಕ್ಕದ ಬೆಂಚಿನವರು ಈಗ ನಗುವುದಿಲ್ಲ. ನನಗೆ ತುಂಬಾ ಖುಷಿ ಕೊಟ್ಟ ಬದಲಾವಣೆ ಇದು.

ಆ ಖುಷಿಯಲ್ಲೇ ನಾನೊಂದು ತಪ್ಪು ಮಾಡಿದೆ. ಈ ಪತ್ರ ಬರೆಯಲು ಕೂತಿದ್ದೂ ಅದಕ್ಕೇ.

ವಿಮಾನ ನಿಲ್ದಾಣ ತೆರೆದ ವರ್ಷವೇ ಪಿಯು ಮುಗಿಸಿದ ಒಬ್ಬ ಹುಡುಗಿ. ಹೆಸರು ಬರೆಯುವುದಿಲ್ಲ. ಲಿಂಗನಮಕ್ಕಿ ಅಣೆಕಟ್ಟೆಯ ನೀರು ನಿಂತಾಗ ಅವಳ ಅಜ್ಜನ ಊರು ಮುಳುಗಿತು. ಕಾಡಂಚಿನಲ್ಲಿ ಎರಡು ಎಕರೆ ತೋಟ ಮಾಡಿಕೊಂಡು ಬದುಕಿದ ಮನೆತನ. ಲೆಕ್ಕದಲ್ಲಿ ಚುರುಕು. ನನ್ನ ಕ್ಲಾಸಿನಲ್ಲಿ ವೆಕ್ಟರ್ ಪಾಠ ಮಾಡುವಾಗ, ಗಾಳಿ ಅಡ್ಡ ಬೀಸಿದರೆ ವಿಮಾನದ ಮೂತಿ ಯಾವ ಕಡೆ ತಿರುಗಿಸಬೇಕು ಎಂದು ತಾನಾಗಿ ಕೇಳಿದವಳು ಅವಳೊಬ್ಬಳೇ. ಫಲಿತಾಂಶ ಬಂದ ವಾರ ಒಂದು ಬಣ್ಣದ ಪುಸ್ತಿಕೆ ಹಿಡಿದುಕೊಂಡು ಬಂದಳು. ದೂರದ ಊರಿನ ಒಂದು ಖಾಸಗಿ ಕಾಲೇಜಿನದು. ಮುಖಪುಟದಲ್ಲಿ ಬಿಳಿ ಅಂಗಿ, ಹೆಗಲ ಮೇಲೆ ನಾಲ್ಕು ಪಟ್ಟಿ, ಹಿಂದೆ ದೊಡ್ಡ ವಿಮಾನ. ಒಳಗೆ ಮೂರು ವರ್ಷದ ಏವಿಯೇಷನ್ ಡಿಗ್ರಿಯ ವಿವರ. ‘ಸೇರಲಾ ಮೇಡಂ?’ ಎಂದಳು. ‘ಸೇರು’ ಎಂದೆ.

ಮೂರು ವರ್ಷಕ್ಕೆ ಆರು ಲಕ್ಷ ಖರ್ಚಾಯಿತು. ಸೊಸೈಟಿ ಸಾಲ, ಅಮ್ಮನ ಬಳೆ, ಮಾವನ ಕೈಸಾಲ. ಮೊನ್ನೆ ಮಾರ್ಕ್ಸ್ ಕಾರ್ಡ್ ತೋರಿಸಲು ಬಂದಾಗ ಕೇಳಿದೆ, ‘ಎಷ್ಟು ಗಂಟೆ ಹಾರಿಸಿದೆ?’

‘ಒಂದೂ ಇಲ್ಲ ಮೇಡಂ. ಎರಡನೇ ವರ್ಷ ಒಂದು ಹ್ಯಾಂಗರ್‌ಗೆ ಕರ್ಕೊಂಡು ಹೋಗಿದ್ರು. ವಿಮಾನದ ಪಕ್ಕ ನಿಂತು ಫೋಟೊ ತೆಗೆಸ್ಕೊಂಡ್ವಿ.’

ಪುಸ್ತಿಕೆಯನ್ನು ಮತ್ತೆ ತರಿಸಿ ಓದಿದೆ. ಹಾರಾಟದ ತರಬೇತಿ ಬೇರೆ, ಅದಕ್ಕೆ ಬೇರೆ ಶುಲ್ಕ, ಅದನ್ನು ಬೇರೆ ಕಡೆ ಪಡೆಯಬೇಕು ಎಂಬ ಸಾಲು ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿತ್ತು. ಹದಿನೇಳು ವರ್ಷದ ಹುಡುಗಿ ಅದನ್ನು ಓದಬೇಕಿತ್ತು ಎಂದು ನಾನು ಹೇಳಲಾರೆ. ಓದಬೇಕಾಗಿದ್ದವಳು ನಾನು. ಅದನ್ನು ಮೊದಲ ಪುಟದಲ್ಲಿ ದೊಡ್ಡದಾಗಿ ಹಾಕಿಸಬೇಕಾಗಿದ್ದವರು ನೀವು.

ಅಪ್ಪ ಅಮ್ಮಂದಿರೇ, ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನಮ್ಮ ದೇಶದಲ್ಲಿ ಪೈಲಟ್ ಆಗಲು ಡಿಗ್ರಿ ಬೇಕಾಗಿಲ್ಲ. ಬೇಕಾಗಿರುವುದು ಸಿಪಿಎಲ್, ಅಂದರೆ ಕಮರ್ಷಿಯಲ್ ಪೈಲಟ್ ಲೈಸೆನ್ಸ್. ಅದನ್ನು ಕೊಡುವುದು ವಿಮಾನಯಾನದ ನಿಯಮ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಡಿಜಿಸಿಎ. ಯಾವ ಕಾಲೇಜೂ, ಯಾವ ವಿಶ್ವವಿದ್ಯಾಲಯವೂ ಅದನ್ನು ಕೊಡಲು ಬರುವುದಿಲ್ಲ. ವಯಸ್ಸು 18 ತುಂಬಿರಬೇಕು. ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಪಾಸಾಗಿರಬೇಕು ಎಂಬ ನಿಯಮದಲ್ಲೇ ನಮ್ಮ ಮಕ್ಕಳು ಇಷ್ಟು ವರ್ಷ ಹೋಗಿದ್ದಾರೆ. ಕಾಮರ್ಸ್ ಓದಿದವರು ಮುಕ್ತ ಶಾಲೆಯ ಮೂಲಕ ಆ ಎರಡು ವಿಷಯ ಬರೆದು ಬಂದದ್ದೂ ಉಂಟು. ಆಮೇಲೆ ಡಿಜಿಸಿಎ ಪರೀಕ್ಷೆಗಳು. ನ್ಯಾವಿಗೇಷನ್, ಹವಾಮಾನ, ವಾಯು ನಿಯಮಗಳು, ವಿಮಾನದ ತಾಂತ್ರಿಕ ವಿಷಯ. ಪ್ರತಿ ಪೇಪರಿಗೂ ಶೇ 70 ಅಂಕ ಬೇಕು. 35ಕ್ಕೆ ಪಾಸು ಎನ್ನುವ ಪರೀಕ್ಷೆ ಇದಲ್ಲ. ರೇಡಿಯೊದಲ್ಲಿ ಮಾತಾಡಲು ಆರ್‌ಟಿಆರ್ ಎಂಬ ಇನ್ನೊಂದು ಪರೀಕ್ಷೆ.

ಇದೆಲ್ಲದರ ಜೊತೆ 200 ಗಂಟೆ ಹಾರಾಟ. ಅದರಲ್ಲಿ 100 ಗಂಟೆ ತಾನೇ ಕಮಾಂಡ್‌ನಲ್ಲಿ ಕೂತು ಹಾರಿಸಬೇಕು. ಒಮ್ಮೆ 300 ನಾಟಿಕಲ್ ಮೈಲಿಯ ದೂರದ ಹಾರಾಟ ಮಾಡಬೇಕು, ಅಂದರೆ ಹೆಚ್ಚು ಕಡಿಮೆ 555 ಕಿಲೋಮೀಟರ್. ಆ ದಾರಿಯಲ್ಲಿ ಬೇರೆ ಬೇರೆ ಎರಡು ನಿಲ್ದಾಣಗಳಲ್ಲಿ ಇಳಿದು ಏಳಬೇಕು. ರಾತ್ರಿ ಹಾರಾಟ ಬೇಕು, ಹೊರಗೆ ನೋಡದೆ ಬರೀ ಉಪಕರಣ ನೋಡಿ ಹಾರಿಸುವ ಗಂಟೆಗಳು ಬೇಕು. ಒಂದೊಂದು ಗಂಟೆಯೂ ಲಾಗ್‌ಬುಕ್‌ನಲ್ಲಿ ಬರೆದು ಸಹಿಯಾಗಬೇಕು. ಪೈಲಟ್‌ನ ಬದುಕು ಆ ಲಾಗ್‌ಬುಕ್ಕಿನಲ್ಲಿದೆ. ಕಾಲೇಜು ಕೊಟ್ಟ ಅಂಕಪಟ್ಟಿಯಲ್ಲಿ 90 ಇದ್ದರೂ ಲಾಗ್‌ಬುಕ್‌ನಲ್ಲಿ ಸೊನ್ನೆ ಇದ್ದರೆ ಯಾವ ವಿಮಾನವೂ ಅವರ ಕೈಗೆ ಸಿಗುವುದಿಲ್ಲ.

ಎಲ್ಲಕ್ಕಿಂತ ಮೊದಲು ಮೆಡಿಕಲ್, ಅಂದರೆ ವೈದ್ಯಕೀಯ ತಪಾಸಣೆ. ಮೊದಲು ಕ್ಲಾಸ್ ಟು ಎಂಬ ಹಂತ, ಆಮೇಲೆ ಕ್ಲಾಸ್ ವನ್. ಕನ್ನಡಕ ಇದ್ದರೆ ಪೈಲಟ್ ಆಗೋಕೆ ಆಗಲ್ಲ ಎಂದು ನಮ್ಮ ಕಡೆ ಇನ್ನೂ ನಂಬುತ್ತಾರೆ. ಅದು ತಪ್ಪು. ಕನ್ನಡಕದಿಂದ ದೃಷ್ಟಿ ಸರಿಹೋದರೆ ಸಾಕು. ಆದರೆ ಬಣ್ಣ ಗುರುತಿಸುವ ಶಕ್ತಿ ಸರಿಯಿಲ್ಲದಿದ್ದರೆ ಬಾಗಿಲು ಅಲ್ಲೇ ಮುಚ್ಚಬಹುದು. ಎಷ್ಟೋ ಹುಡುಗರಿಗೆ ತಮಗೆ ಕೆಂಪು ಹಸಿರು ಕಲೆಸಿ ಕಾಣುತ್ತದೆ ಎಂಬುದೇ ಗೊತ್ತಿರುವುದಿಲ್ಲ. ದಯವಿಟ್ಟು ಒಂದು ರೂಪಾಯಿ ಫೀಸು ಕಟ್ಟುವ ಮೊದಲು ಮೆಡಿಕಲ್ ಮಾಡಿಸಿ. ನನ್ನ ಹುಡುಗಿ ಡಿಗ್ರಿ ಮುಗಿಯುವವರೆಗೂ ಮೆಡಿಕಲ್ ಮಾಡಿಸಿರಲಿಲ್ಲ. ಯಾರೂ ಹೇಳಿರಲಿಲ್ಲ. ಪುಣ್ಯಕ್ಕೆ ಈಗ ಪಾಸಾಗಿದ್ದಾಳೆ.

ಹಾಗಾದರೆ ಡಿಗ್ರಿ ಸುಮ್ನೆ ದಂಡವಾ? ಇಲ್ಲ. ನಾನು ಡಿಗ್ರಿಯ ವಿರುದ್ಧ ಬರೆಯುತ್ತಿಲ್ಲ. ಪೈಲಟ್‌ನ ಕೆಲಸ ದೇಹವನ್ನು ನಂಬಿಕೊಂಡದ್ದು. ಮೆಡಿಕಲ್ ಮತ್ತೆ ಮತ್ತೆ ಆಗುತ್ತಿರಬೇಕು. ಮೂವತ್ತನೇ ವಯಸ್ಸಿನಲ್ಲಿ ಕಿವಿಯೋ ಹೃದಯವೋ ಕೈಕೊಟ್ಟರೆ ಲೈಸೆನ್ಸ್ ಇದ್ದೂ ಇಲ್ಲದಂತೆ. ಆಗ ಬರೀ ಪಿಯುಸಿ ಸರ್ಟಿಫಿಕೇಟ್ ಹಿಡಿದು ಎಲ್ಲಿಗೆ ಹೋಗುವುದು? ಒಳ್ಳೆಯ ಡಿಗ್ರಿ ಇದ್ದವರಿಗೆ ಆಸರೆ ಇರುತ್ತದೆ. ಆದರೆ ಯಾವ ಡಿಗ್ರಿ ಎಂಬುದನ್ನೂ ನೋಡಬೇಕು. ಏರ್ ಟ್ರಾಫಿಕ್ ಕಂಟ್ರೋಲ್ ಕೆಲಸಕ್ಕೆ ವಿಮಾನ ನಿಲ್ದಾಣ ಪ್ರಾಧಿಕಾರ ಕೇಳುವುದು ಭೌತಶಾಸ್ತ್ರ, ಗಣಿತ ಇರುವ ಬಿಎಸ್ಸಿ, ಇಲ್ಲವೇ ಇಂಜಿನಿಯರಿಂಗ್. ಹೆಸರಿನಲ್ಲಿ ಏವಿಯೇಷನ್ ಇದ್ದು ಒಳಗೆ ಆ ಎರಡು ವಿಷಯ ಇಲ್ಲದ ಡಿಗ್ರಿ ಅಲ್ಲಿಗೂ ನಡೆಯುವುದಿಲ್ಲ. ಇದನ್ನು ಯಾವ ಪುಸ್ತಿಕೆಯಲ್ಲೂ ನಾನು ನೋಡಿಲ್ಲ.

ಇನ್ನೊಂದು ಗೊಂದಲ ಅಮೆರಿಕದಿಂದ ಬಂದದ್ದು. 2009ರ ಫೆಬ್ರುವರಿಯಲ್ಲಿ ಅಲ್ಲಿನ ಬಫಲೊ ಊರಿನ ಹತ್ತಿರ ಒಂದು ವಿಮಾನ ಬಿದ್ದು 50 ಜನ ಸತ್ತರು. ಆಮೇಲೆ ಅಲ್ಲಿನ ಸರ್ಕಾರ ಕಾನೂನು ಬಿಗಿ ಮಾಡಿತು. ಪ್ರಯಾಣಿಕರ ವಿಮಾನದಲ್ಲಿ ಕೋ-ಪೈಲಟ್ ಆಗಲೂ 1,500 ಗಂಟೆ ಬೇಕು ಎಂದಿತು. ಮಾನ್ಯತೆ ಪಡೆದ ಕಾಲೇಜಿನಲ್ಲಿ ಏವಿಯೇಷನ್ ಪದವಿ ಮತ್ತು ಹಾರಾಟ ಒಟ್ಟಿಗೆ ಮಾಡಿದವರಿಗೆ 1,000 ಗಂಟೆ ಸಾಕು ಎಂದಿತು. ಅಂದರೆ ಅಲ್ಲಿ ಡಿಗ್ರಿಗೆ 500 ಗಂಟೆಯ ಬೆಲೆ ಇದೆ. ನಮ್ಮ ಮಕ್ಕಳು ಮೊಬೈಲಿನಲ್ಲಿ ಇದನ್ನು ನೋಡುತ್ತಾರೆ, ಇಲ್ಲೂ ಹಾಗೇ ಎಂದುಕೊಳ್ಳುತ್ತಾರೆ. ಇಲ್ಲಿ ಡಿಗ್ರಿ ಇದ್ದರೂ 200, ಇಲ್ಲದಿದ್ದರೂ 200.

ಆದರೆ ಅಲ್ಲಿಂದ ಒಂದು ವಿಷಯ ಕಲಿಯಬಹುದು. ಅಲ್ಲಿ ಕಾಲೇಜು ಮತ್ತು ರನ್‌ವೇ ಒಂದಕ್ಕೊಂದು ಅಂಟಿಕೊಂಡಿವೆ. ಬೆಳಿಗ್ಗೆ ಹವಾಮಾನದ ಪಾಠ ಕೇಳಿದ ಹುಡುಗ ಮಧ್ಯಾಹ್ನ ಅದೇ ಮೋಡದ ಕೆಳಗೆ ಹಾರಿಸುತ್ತಾನೆ. ನಮ್ಮ ದೇಶದಲ್ಲೂ ಇಂಥದ್ದು ಇಲ್ಲದಿಲ್ಲ. ಉತ್ತರ ಪ್ರದೇಶದ ಫುರ್ಸತ್‌ಗಂಜ್‌ನಲ್ಲಿ ಕೇಂದ್ರ ಸರ್ಕಾರದ ಇಂದಿರಾ ಗಾಂಧಿ ರಾಷ್ಟ್ರೀಯ ಉಡಾನ್ ಅಕಾಡೆಮಿ 1985ರಿಂದ ಇದೆ. ಅಲ್ಲಿ ಲೈಸೆನ್ಸ್ ತರಬೇತಿಯ ಜೊತೆಗೆ ಬಿಎಸ್ಸಿ ಮಾಡುವ ದಾರಿಯೂ ಇದೆ. ಆದರೆ ಸಾಗರದ ಹುಡುಗಿಗೆ ಫುರ್ಸತ್‌ಗಂಜ್ ಎಷ್ಟು ದೂರ ಹೇಳಿ.

ಈಗ ಸೋಗಾನೆಗೆ ಬರುತ್ತೇನೆ. ಅಲ್ಲಿ ಡಿಗ್ರಿಯ ಜೊತೆಗೇ ಹಾರಾಟ ಕಲಿಸುವ ಒಂದು ತರಬೇತಿ ಸಂಸ್ಥೆ ಬೇಕು ಎಂಬುದು ನನ್ನ ಕೋರಿಕೆ.

ಸಚಿವರೇ, ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣಕ್ಕೆ ಸುಮಾರು 450 ಕೋಟಿ ಖರ್ಚಾಗಿದೆ. ರನ್‌ವೇ 3,200 ಮೀಟರ್ ಉದ್ದ. ನಮ್ಮ ರಾಜ್ಯದಲ್ಲಿ ಬೆಂಗಳೂರು ಬಿಟ್ಟರೆ ಇದೇ ದೊಡ್ಡದು ಎಂದು ಉದ್ಘಾಟನೆಯ ದಿನ ಎಲ್ಲರೂ ಹೆಮ್ಮೆಪಟ್ಟರು. ಅದನ್ನು ನಡೆಸುತ್ತಿರುವುದು ಕೇಂದ್ರದ ಪ್ರಾಧಿಕಾರ ಅಲ್ಲ, ನಮ್ಮ ರಾಜ್ಯದ್ದೇ ಆದ ಕೈಗಾರಿಕೆ ಮತ್ತು ಮೂಲಸೌಕರ್ಯ ಅಭಿವೃದ್ಧಿ ನಿಗಮ, ಕೆಎಸ್‌ಐಐಡಿಸಿ. ಅಂದರೆ ಅಲ್ಲಿನ ಜಾಗದಲ್ಲಿ ಏನು ಮಾಡಬೇಕು ಎಂದು ಯೋಚಿಸಲು ದೆಹಲಿ ಕಡೆ ನೋಡುತ್ತಾ ಕೂರಬೇಕಾಗಿಲ್ಲ. ದಿನಕ್ಕೆ ಬೆರಳೆಣಿಕೆಯ ವಿಮಾನಗಳು ಬಂದು ಹೋಗುತ್ತವೆ. ಉಳಿದ ಹೊತ್ತು ಆ ರನ್‌ವೇ ಬಿಸಿಲಿಗೆ ಮೈಚಾಚಿಕೊಂಡು ಮಲಗಿರುತ್ತದೆ. ತರಬೇತಿಯ ಸೆಸ್ನಾ 172 ವಿಮಾನಕ್ಕೆ ಅದರ ಕಾಲು ಭಾಗ ಇದ್ದರೂ ಧಾರಾಳ. ಮೈಸೂರು, ಹುಬ್ಬಳ್ಳಿ, ಬೆಳಗಾವಿ ಎಲ್ಲವೂ ದೂರದ ಹಾರಾಟ ಕಲಿಯಲು ಹೇಳಿ ಮಾಡಿಸಿದ ಅಂತರದಲ್ಲಿವೆ.

ಹೊಸದೇನನ್ನೂ ಕೇಳುತ್ತಿಲ್ಲ. ಸ್ವಾತಂತ್ರ್ಯ ಬಂದ ಹೊಸತರಲ್ಲೇ ಮೈಸೂರು ಸರ್ಕಾರ ಜಕ್ಕೂರಿನಲ್ಲಿ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಶುರು ಮಾಡಿತ್ತು. ಆಗ ಇದ್ದ ಧೈರ್ಯ ಈಗ ಯಾಕೆ ಇರಬಾರದು? ಇಂದು ಜಕ್ಕೂರಿನ ಸುತ್ತ ಬೆಂಗಳೂರು ಬೆಳೆದು ನಿಂತಿದೆ. ಸೋಗಾನೆಯ ಸುತ್ತ ಇನ್ನೂ ಆಕಾಶ ಖಾಲಿ ಇದೆ. 2021ರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರ ಬೆಳಗಾವಿ, ಕಲಬುರಗಿ ಸೇರಿ ದೇಶದ ಐದು ನಿಲ್ದಾಣಗಳಲ್ಲಿ ತರಬೇತಿ ಸಂಸ್ಥೆಗಳಿಗೆ ಜಾಗ ಕೊಟ್ಟಿತು. ಕಲಬುರಗಿಯಲ್ಲಿ ಆಗುವುದು ಶಿವಮೊಗ್ಗದಲ್ಲಿ ಆಗಬಾರದಾ?

‘ಮಲೆನಾಡಿನಲ್ಲಿ ಮಳೆ ಜಾಸ್ತಿ, ತರಬೇತಿ ಸಾಧ್ಯವಿಲ್ಲ’ ಎಂದು ತಿಳಿದವರೊಬ್ಬರು ನನಗೆ ಹೇಳಿದರು. ಇದಕ್ಕೆ ಉತ್ತರ ಕೊಡದೆ ಮುಂದೆ ಹೋಗಲಾರೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುತ್ತದೆ, ನಿಜ. ಆದರೆ ಸೋಗಾನೆ ಇರುವುದು ಘಟ್ಟದ ತುದಿಯಲ್ಲಿ ಅಲ್ಲ, ಮಲೆನಾಡು ಮುಗಿದು ಬಯಲುಸೀಮೆ ಶುರುವಾಗುವ ಕಡೆ. ಶಿವಮೊಗ್ಗ ಪೇಟೆಯ ಮಳೆ ಆಗುಂಬೆಯ ಕಾಲು ಭಾಗವೂ ಇಲ್ಲ. ಹಾಗಂತ ಮಳೆಗಾಲದ ತೊಂದರೆಯೇ ಇಲ್ಲ ಎನ್ನುವುದಿಲ್ಲ. ಜುಲೈ ತಿಂಗಳಲ್ಲಿ ಮೋಡ ಕೆಳಗಿಳಿದು ಕೂತರೆ ಬೆಂಗಳೂರಿನ ದೊಡ್ಡ ವಿಮಾನವೇ ರದ್ದಾಗುತ್ತದೆ. ಕಣ್ಣಿಗೆ ಕಾಣುವುದನ್ನು ನಂಬಿ ಹಾರುವ ಕಲಿಕೆಯ ವಿಮಾನ ಆಗ ಏಳುವಂತಿಲ್ಲ.

ಇಲ್ಲೇ ಡಿಗ್ರಿ ನಮ್ಮ ಕೈಹಿಡಿಯುತ್ತದೆ ಎನ್ನುವುದು ನನ್ನ ಲೆಕ್ಕ. ಬರೀ ಫ್ಲೈಯಿಂಗ್ ಸ್ಕೂಲಿಗೆ ಸೇರಿದ ಹುಡುಗ ಮಳೆಗಾಲದ ನಾಲ್ಕು ತಿಂಗಳು ಹಾಸ್ಟೆಲ್ ಬಾಡಿಗೆ ಕಟ್ಟಿಕೊಂಡು ಆಕಾಶ ನೋಡುತ್ತಾ ಕೂರಬೇಕು. ಡಿಗ್ರಿ ಓದುವವನಿಗೆ ಆ ನಾಲ್ಕು ತಿಂಗಳೇ ಪಾಠದ ಕಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಭೌತಶಾಸ್ತ್ರ, ಗಣಿತ, ನ್ಯಾವಿಗೇಷನ್, ಹವಾಮಾನ, ಸಿಮ್ಯುಲೇಟರ್, ಡಿಜಿಸಿಎ ಪೇಪರುಗಳು. ಅಕ್ಟೋಬರ್‌ನಿಂದ ಮೇವರೆಗೆ ಬೆಳಿಗ್ಗೆ ಸೋಗಾನೆಯಲ್ಲಿ ಹಾರಾಟ, ಮಧ್ಯಾಹ್ನ ಲ್ಯಾಬು. ನಾವು ತೋಟದ ಕೆಲಸವನ್ನು ಮಳೆ ನೋಡಿಕೊಂಡು ಹಂಚಿಕೊಳ್ಳುವುದಿಲ್ಲವಾ, ಹಾಗೆಯೇ. ಮುಂಗಾರಿನ ಮೋಡವನ್ನು ಪಾಠ ಮಾಡಲು ನಮ್ಮ ಊರಿಗಿಂತ ಒಳ್ಳೆಯ ಜಾಗ ಎಲ್ಲಿದೆ? ಶಂಕರಘಟ್ಟದಲ್ಲಿ 1987ರಿಂದ ಕುವೆಂಪು ವಿಶ್ವವಿದ್ಯಾಲಯ ಇದೆ. ಶಿವಮೊಗ್ಗದಲ್ಲಿ ಸಹ್ಯಾದ್ರಿ ವಿಜ್ಞಾನ ಕಾಲೇಜಿದೆ. ಪಾಠ ಮಾಡುವವರು ನಮ್ಮಲ್ಲೇ ಇದ್ದಾರೆ. ಇಲ್ಲದಿರುವುದು ವಿಮಾನ, ಹಾರಾಟ ಕಲಿಸುವ ಗುರುಗಳು, ಡಿಜಿಸಿಎ ಅನುಮತಿ. ಮತ್ತೆ, ರಾತ್ರಿ ಹಾರಾಟ ಕಲಿಸಲು ಬೇಕಾದ ದೀಪ, ಸಿಬ್ಬಂದಿ ಎಲ್ಲ ಅಲ್ಲಿ ಸದಾ ಇರಬೇಕು. ಇವು ಸುಲಭ ಅಲ್ಲ. ಹಾರಾಟದ ಗುರುಗಳು ಎಲ್ಲ ಕಡೆಯೂ ಕಡಿಮೆ. ಆದರೆ ಕಷ್ಟ ಎಂಬ ಕಾರಣಕ್ಕೆ ಬಿಡುವುದಾಗಿದ್ದರೆ ಆ ರನ್‌ವೇಯೂ ಆಗುತ್ತಿರಲಿಲ್ಲ.

ದುಡ್ಡಿನ ಮಾತು. ಸಿಪಿಎಲ್‌ಗೆ ಈಗ ನಮ್ಮ ದೇಶದಲ್ಲಿ ಸುಮಾರು 45ರಿಂದ 60 ಲಕ್ಷ ಬೇಕು. ಆಮೇಲೆ ಏರ್‌ಬಸ್ಸೋ ಬೋಯಿಂಗೋ ಹಾರಿಸಲು ಟೈಪ್ ರೇಟಿಂಗ್ ಎಂದು ಇನ್ನೂ 15–20 ಲಕ್ಷ. ಅಡಿಕೆ ಭಾಷೆಯಲ್ಲೇ ಹೇಳುತ್ತೇನೆ. ಕ್ವಿಂಟಲ್‌ಗೆ 50 ಸಾವಿರ ಸಿಕ್ಕಿತು ಎಂದಿಟ್ಟುಕೊಳ್ಳಿ. 50 ಲಕ್ಷ ಎಂದರೆ ನೂರು ಕ್ವಿಂಟಲ್. ಎಕರೆಗೆ ಎಂಟು ಕ್ವಿಂಟಲ್ ಬಂದರೆ ಎರಡು ಎಕರೆಯವರಿಗೆ ಆರು ವರ್ಷಕ್ಕಿಂತ ಹೆಚ್ಚಿನ ಪೂರ್ತಿ ಫಸಲು. ಒಂದು ರೂಪಾಯಿ ಖರ್ಚು ಮಾಡಬಾರದು, ಊಟ ಮಾಡಬಾರದು. ಎಲೆಚುಕ್ಕೆ ರೋಗ ಬಂದ ತೋಟದವರು ಈ ಲೆಕ್ಕವನ್ನೂ ಹಾಕಲಾರರು.

ಸಾಲ ಇದೆಯಲ್ಲ ಎನ್ನಬಹುದು. ಡಿಜಿಸಿಎ ಒಪ್ಪಿದ ತರಬೇತಿಗೆ ಶಿಕ್ಷಣ ಸಾಲ ಸಿಗುತ್ತದೆ, ಸರಿ. ಆದರೆ 7.5 ಲಕ್ಷ ದಾಟಿದರೆ ಬ್ಯಾಂಕಿನವರು ಸಾಮಾನ್ಯವಾಗಿ ಆಸ್ತಿ ಅಡಮಾನ ಕೇಳುತ್ತಾರೆ. ಶರಾವತಿಯಲ್ಲಿ ಊರು ಕಳೆದುಕೊಂಡವರ ಮನೆಗಳಲ್ಲಿ ಎಷ್ಟೋ ಜನರ ಕೈಯಲ್ಲಿ ಇವತ್ತಿಗೂ ಜಮೀನಿನ ಹಕ್ಕುಪತ್ರ ಇಲ್ಲ. ನಾಡಿಗೆ ಬೆಳಕು ಕೊಡಲು ಜಾಗ ಬಿಟ್ಟವರ ಮೊಮ್ಮಗಳು ಬ್ಯಾಂಕಿಗೆ ಯಾವ ಕಾಗದ ತೋರಿಸಬೇಕು? ಅವಳ ಅಪ್ಪ ಶಿವಮೊಗ್ಗದ ಒಂದು ಬ್ಯಾಂಕಿಗೆ ಮೂರು ಸಲ ಹೋಗಿ ಬಂದರು. ಮೂರನೇ ಸಲ ನಾನೂ ಹೋಗಿದ್ದೆ. ‘ಪಹಣಿ ತನ್ನಿ’ ಎಂದರು. ಅವರು ತಪ್ಪೇನೂ ಹೇಳಲಿಲ್ಲ. ನಮ್ಮ ಹತ್ತಿರ ಕೊಡಲು ಏನೂ ಇರಲಿಲ್ಲ. ಬಸ್ಸಿನಲ್ಲಿ ಬರುವಾಗ ಅವಳ ಅಪ್ಪ ಒಂದು ಮಾತೂ ಆಡಲಿಲ್ಲ.

ಅದಕ್ಕೇ ನನ್ನ ಮುಖ್ಯ ಕೋರಿಕೆ ಸೀಟಿನ ಬಗ್ಗೆ. ನಮ್ಮ ರಾಜ್ಯಕ್ಕೆ ಇದು ಗೊತ್ತಿರುವ ದಾರಿ. ಸಿಇಟಿಯಿಂದ, ಖಾಸಗಿ ಇಂಜಿನಿಯರಿಂಗ್ ಕಾಲೇಜಿನಲ್ಲೂ ಸರ್ಕಾರಿ ಸೀಟು ಎಂಬುದು ಇದ್ದುದರಿಂದ ನಮ್ಮ ಹಳ್ಳಿಗಳ ಎಷ್ಟು ಮಕ್ಕಳು ಮೇಲೆ ಬಂದರು! ಸೋಗಾನೆಯಲ್ಲಿ ತರಬೇತಿ ಸಂಸ್ಥೆಯನ್ನು ಸರ್ಕಾರವೇ ನಡೆಸಲಿ, ಖಾಸಗಿಯವರಿಗೆ ಜಾಗ ಕೊಡಲಿ. ಯಾರೇ ನಡೆಸಿದರೂ ಒಂದು ಪಾಲು ಸೀಟು ಅಂಕದ ಮೇಲೆ, ಸರ್ಕಾರಿ ಶುಲ್ಕದಲ್ಲಿ ಸಿಗಬೇಕು. ಪರಿಶಿಷ್ಟ ಜಾತಿಯ ಮಕ್ಕಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದ ಪಟ್ಟಿಯಲ್ಲಿ ಸಿಪಿಎಲ್ ತರಬೇತಿಯೂ ಸೇರಿದೆ. ನಮ್ಮ ಕಾಲೇಜುಗಳಲ್ಲಿ ಇದು ಎಷ್ಟು ಮಂದಿಗೆ ಗೊತ್ತು? ನಾನೇ ತಿಳಿದುಕೊಂಡಿದ್ದು ಮೊನ್ನೆ ಮೊನ್ನೆ. ಹಕ್ಕುಪತ್ರ ಇಲ್ಲದ ಮನೆಯ ಮಕ್ಕಳ ಸಾಲಕ್ಕೆ ರಾಜ್ಯ ಸರ್ಕಾರ ಜಾಮೀನು ನಿಲ್ಲಬೇಕು.

ಇಂಗ್ಲಿಷಿನ ಭಯದ ಬಗ್ಗೆಯೂ ಒಂದು ಮಾತು. ರೇಡಿಯೊ ಸಂಭಾಷಣೆಗೆ ಅಂತರರಾಷ್ಟ್ರೀಯ ಮಟ್ಟದ ಇಂಗ್ಲಿಷ್ ಪರೀಕ್ಷೆ ಇದೆ, ನಾಲ್ಕನೇ ಹಂತವಾದರೂ ದಾಟಬೇಕು. ಕನ್ನಡ ಮಾಧ್ಯಮದ ಮಕ್ಕಳು ಇಲ್ಲಿ ಹಿಂದೆ ಸರಿಯುತ್ತಾರೆ. ಆದರೆ ರೇಡಿಯೊದಲ್ಲಿ ಬೇಕಾಗಿರುವುದು ಸ್ಪಷ್ಟವಾಗಿ, ಚಿಕ್ಕದಾಗಿ, ಗಾಬರಿಯಾಗದೆ ಹೇಳುವುದು. ನನ್ನ ಹುಡುಗಿ ಹಾಸ್ಟೆಲ್ಲಿನ ಮಹಡಿಯ ಮೇಲೆ ಒಬ್ಬಳೇ ಕೂತು ಆಲ್ಫಾ, ಬ್ರಾವೊ, ಚಾರ್ಲಿ ಎಂದು ರೇಡಿಯೊದಲ್ಲಿ ಎ, ಬಿ, ಸಿ ಹೇಳುವ ರೀತಿ ಕಲಿತಳು. ಒಂದು ವರ್ಷ ಸರಿಯಾಗಿ ಅಭ್ಯಾಸ ಮಾಡಿಸಿದರೆ ನಮ್ಮ ಮಕ್ಕಳು ಕಲಿಯುತ್ತಾರೆ. ನಮ್ಮ ದೇಶದ ಪೈಲಟ್‌ಗಳಲ್ಲಿ ಸುಮಾರು ಶೇ 15ರಷ್ಟು ಹೆಣ್ಣುಮಕ್ಕಳು. ಪ್ರಪಂಚದ ಸರಾಸರಿಗಿಂತ ಎಷ್ಟೋ ಮೇಲೆ. ಅದರಲ್ಲಿ ಮಲೆನಾಡಿನ ಹುಡುಗಿಯರೂ ಇರಲಿ ಎಂಬುದು ನನ್ನ ಆಸೆ.

ಸೋಗಾನೆಯ ಕೆಲಸಕ್ಕೆ ವರ್ಷಗಳು ಬೇಕು, ಗೊತ್ತು. ಆದರೆ ಒಂದು ಕೆಲಸಕ್ಕೆ ಒಂದು ಸುತ್ತೋಲೆ ಸಾಕು. ಏವಿಯೇಷನ್ ಎಂಬ ಹೆಸರಿನಲ್ಲಿ ಡಿಗ್ರಿ ನಡೆಸುವ ಪ್ರತಿ ಕಾಲೇಜೂ ಪ್ರವೇಶ ಪುಸ್ತಿಕೆಯ ಮೊದಲ ಪುಟದಲ್ಲಿ, ಕನ್ನಡದಲ್ಲಿ, ಮೂರು ವಿಷಯ ಅಚ್ಚು ಹಾಕಬೇಕು. ಈ ಶುಲ್ಕದಲ್ಲಿ ಎಷ್ಟು ಗಂಟೆ ಹಾರಾಟ ಸೇರಿದೆ, ಸೊನ್ನೆ ಇದ್ದರೆ ಸೊನ್ನೆ ಎಂದೇ. ಹಾರಾಟ ಕಲಿಸುವ ಸಂಸ್ಥೆ ಯಾವುದು, ಅದಕ್ಕೆ ಡಿಜಿಸಿಎ ಅನುಮತಿ ಇದೆಯಾ. ಕಳೆದ ವರ್ಷ ಪಾಸಾದವರಲ್ಲಿ ಎಷ್ಟು ಮಂದಿಗೆ ಲೈಸೆನ್ಸ್ ಸಿಕ್ಕಿತು. ಹಾರಾಟ ಸಂಸ್ಥೆಗಳಿಗೆ 2025ರಿಂದ ಡಿಜಿಸಿಎಯೇ ಶ್ರೇಣಿ ಕೊಡುತ್ತಿದೆ. ಆ ಶ್ರೇಣಿಯನ್ನೂ ಹಾಕಲಿ. ಇದಕ್ಕೆ ಬಜೆಟ್ ಬೇಡ, ಜಾಗ ಬೇಡ.

ಪಿಯು ಫಲಿತಾಂಶ ಏಪ್ರಿಲ್‌ನಲ್ಲಿ ಬರುತ್ತದೆ. ಮಾರನೇ ದಿನದಿಂದಲೇ ನಮ್ಮ ಮನೆಗಳಿಗೆ ಪುಸ್ತಿಕೆಗಳು ಬರಲು ಶುರುವಾಗುತ್ತವೆ. ಸುತ್ತೋಲೆ ಅದಕ್ಕಿಂತ ಮೊದಲು ಬರಲಿ. ಈ ವರ್ಷ ನನ್ನ ಕ್ಲಾಸಿನಲ್ಲಿ ‘ಪೈಲಟ್’ ಎಂದವರು ಮೂವರಿದ್ದಾರೆ.

ಇಂತಿ,
ಸಾಗರ ತಾಲ್ಲೂಕಿನ ಒಬ್ಬ ಭೌತಶಾಸ್ತ್ರ ಉಪನ್ಯಾಸಕಿ